ಕಾಲಿನ ಹಸಿವು

ನಮ್ಮ ಮನೆಯ ನಾಯಿಗೆ ಕೆಲಸ ಸಿಕ್ಕಿತು! ಓದುವವರು ನಗಬೇಡಿ. ಮಗನಿಗೆ ಸರ್ಕಾರಿ ಚಾಕರಿ ಸಿಕ್ಕ ದಿನವೂ ನಾನು ಹೀಗೆ ಹಿಗ್ಗಿದವಳಲ್ಲ. ಇವತ್ತು ಬೆಳಿಗ್ಗೆ ಹರಿಯಬ್ಬೆ ಕಡೆಯ ಕುರಿಗಾಹಿ ಚಿತ್ತಯ್ಯ ಹಿರಿಯೂರಿನ ನಮ್ಮ ಮನೆಗೆ ಬಂದು ಟೈಗರನ್ನು ತನ್ನ ಮಂದೆಗೆ ಕರೆದುಕೊಂಡು ಹೋದ. ಕಳಿಸಿಕೊಟ್ಟವರು ಮಗನೂ ಅಲ್ಲ, ಸೊಸೆಯೂ ಅಲ್ಲ, ನಾನಂತೂ ಅಲ್ಲವೇ ಅಲ್ಲ. ಅದನ್ನು ಮರಿಯಿಂದ ಸಾಕಿದ ನನ್ನ ಮೊಮ್ಮಗಳು, ಒಂಬತ್ತು ವರ್ಷದ ಗಿರಿಜೆ, ತಾನೇ ಅದರ ಕೊರಳಪಟ್ಟಿ ಬಿಚ್ಚಿ "ಕರ್ಕಂಡು ಹೋಗ್ರಿ" ಅಂದಳು. ಆಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಹಾಲು ಹಾಕುವವಳಿಗೆ ಬೆಲ್ಲ ಕೊಟ್ಟೆ, ಸೊಪ್ಪು ಮಾರುವವಳಿಗೆ ಬೆಲ್ಲ ಕೊಟ್ಟೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿ, "ಏನ್ ಗೌರಮ್ಮಾರೆ, ಮನೇಲಿ ಯಾರಾದ್ರೂ ಬಸುರಿ ಏನು?" ಅಂದಳು. "ಅದಕ್ಕಿಂತ ದೊಡ್ಡದು ಕಣವ್ವ, ತಗಾ, ನೀನೂ ಬಾಯಿ ಸಿಹಿ ಮಾಡ್ಕ" ಅಂದೆ.

ಚಿತ್ತಯ್ಯ ಪಡಸಾಲೆಯಲ್ಲಿ ಕುಳಿತು ಹೆಗಲಿನ ಕರಿಕಂಬಳಿಯನ್ನು ತೊಡೆಯ ಮೇಲೆ ಇಳಿಸಿಕೊಂಡಾಗ ಒಂದು ವಾಸನೆ ಬಂತು. ಇಬ್ಬನಿಯಲ್ಲಿ ನೆನೆದ ಉಣ್ಣೆ, ಕುರಿಯ ಹಾಲು, ಬೆರಣಿಯ ಹೊಗೆ, ಅವುಗಳ ತಳದಲ್ಲೆಲ್ಲೋ ಹೊಸ ಕಂಬಳಿಗೆ ಹಾಕುವ ಹುಣಸೆಬೀಜದ ಗಂಜಿಯ ಹುಳಿ. ಅರವತ್ತು ವರ್ಷ ಎಲ್ಲಿತ್ತೋ ಅದು! ಆ ವಾಸನೆ ಮೂಗಿಗೆ ಹೋಗಿದ್ದೇ ತಡ, ನಾನು ಎಪ್ಪತ್ತರ ಹತ್ತಿರದ ಮುದುಕಿಯಲ್ಲ, ಚಿತ್ರದುರ್ಗದ ಪೇಟೆಯ ಮನೆಯಲ್ಲಿ ಕಂಬದ ಹಿಂದೆ ನಿಂತ ಎಂಟು ವರ್ಷದ ಗೌರಿ. ಸಂತೋಷ ಉಕ್ಕುವ ದಿನವೇ ಹಳೆಯ ಸಿಟ್ಟೂ ಉಕ್ಕಿತು. ಎರಡೂ ಒಂದೇ ಪಾತ್ರೆಯಲ್ಲಿದ್ದವೇನೋ, ಒಂದು ಕುದ್ದರೆ ಇನ್ನೊಂದು ಸುಮ್ಮನಿರುತ್ತದೆಯೇ? ಮೊನ್ನೆ ಮೊಮ್ಮಗಳ ಮುಂದೆ ಬಿಟ್ಟರೆ, ಆ ಸಿಟ್ಟನ್ನು ಇಷ್ಟು ದಿನ ಯಾರ ಮುಂದೆಯೂ ಆಡಿರಲಿಲ್ಲ. ಇವತ್ತು ಆಡುತ್ತೇನೆ.

ಆ ಮನೆ ಈಗಿಲ್ಲ. ಕೋಟೆ ಬೆಟ್ಟದ ಬುಡದಲ್ಲಿ, ಕಲ್ಲುಕಂಬದ ಮೇಲೆ ಮಣ್ಣಿನ ಮಾಳಿಗೆ ಹೊತ್ತು ನಿಂತಿದ್ದ ಮನೆ. ಹೊರಗೆ ಬಂಡೆಗಳು ಕಾದು ಕೆಂಡವಾದ ಮಧ್ಯಾಹ್ನದಲ್ಲೂ ಒಳಗೆ ಕಾಲಿಟ್ಟರೆ ಅಂಗಾಲಿಗೆ ತಂಪು ಏರುತ್ತಿತ್ತು. ಮುಂದಿನ ಅಂಕಣದಲ್ಲಿ ದೊಡ್ಡಪ್ಪನ ಹತ್ತಿ ವ್ಯಾಪಾರ. ಅರಳೆ ಮೂಟೆಗಳ ಮೇಲೆ ಬಿದ್ದುಕೊಂಡರೆ ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲಕೋಲಿನಲ್ಲಿ ಹತ್ತಿಯ ಎಳೆಗಳು ತೇಲುವುದನ್ನು ನೋಡುತ್ತ ಹಾಗೇ ನಿದ್ದೆ ಬರುತ್ತಿತ್ತು. ಒಳಗಡೆ ಅವ್ವ ರಾಗಿ ಬೀಸುವ ಕಲ್ಲಿನ ಸದ್ದು, ದೇವರಗೂಡಿನ ವಿಭೂತಿ ಪತ್ರೆಗಳ ಗಂಧ, ಹಿತ್ತಿಲಲ್ಲಿ ಎರಡು ಎಮ್ಮೆ, ಒಂದು ನುಗ್ಗೆಮರ. ಮನೆಯ ಯಜಮಾನ ದೊಡ್ಡಪ್ಪ. ಅವನಿಗೆ ಮಕ್ಕಳಿರಲಿಲ್ಲ, ಹೆಂಡತಿಯೂ ಹೋಗಿಬಿಟ್ಟಿದ್ದಳು. ನಮ್ಮಪ್ಪ ಅವನ ತಮ್ಮ. ಅಣ್ಣ ಕೂತಿದ್ದರೆ ನಿಂತುಕೊಂಡೇ ಮಾತನಾಡುವ ತಮ್ಮ. ಅಪ್ಪನನ್ನು ಊರೆಲ್ಲ "ದೇವರಂಥ ಮನುಷ್ಯ" ಅನ್ನುತ್ತಿತ್ತು. ದೇವರಂಥ ಮನುಷ್ಯರ ಮೇಲೆ ನನಗೆ ಇವತ್ತಿಗೂ ನಂಬಿಕೆಯಿಲ್ಲ. ದೇವರ ಹಾಗೆಯೇ ಅವರೂ ಕಣ್ಣೆದುರು ಏನು ನಡೆದರೂ ಬಾಯಿ ಬಿಡುವುದಿಲ್ಲ.

ಮಹಾರಾಜರ ಕಾಲ ಅದು, ಪ್ಲೇಗು ಬಂದ ವರ್ಷ. ಒಂದು ಬೆಳಿಗ್ಗೆ ಅರಳೆ ಮೂಟೆಯ ಪಕ್ಕ ಮೂರು ಇಲಿ ಸತ್ತು ಬಿದ್ದಿದ್ದವು. ಸಂಜೆಯೊಳಗೆ ಬೀದಿಗೆ ಬೀದಿಯೇ ಗಾಡಿ ಕಟ್ಟಿತು. ನಾವು ಮದಕರಿಪುರದ ಹತ್ತಿರ ನಮ್ಮದೇ ಹೊಲದಲ್ಲಿ ಜೋಳದ ದಂಟಿನ ಗುಡಿಸಲು ಹಾಕಿಕೊಂಡೆವು. ದೊಡ್ಡವರಿಗೆ ಅದು ಸಾವಿನ ಕಾಲ, ನಮಗೆ ಮಾತ್ರ ಹಬ್ಬ. ಸುಗ್ಗಿ ಮುಗಿದು ಹೊಲ ಬರಿದಾಗಿತ್ತು. ಅದರಲ್ಲಿ ಕರಿಯಜ್ಜನೆಂಬ ಕುರಿಗಾಹಿ ಮಂದೆ ತರುಬಿದ್ದ. ಹಗಲೆಲ್ಲ ಮೇಯಿಸಿ ರಾತ್ರಿ ಕುರಿಗಳನ್ನು ನಮ್ಮ ಹೊಲದಲ್ಲಿ ನಿಲ್ಲಿಸಿದರೆ ಹಿಕ್ಕೆ, ಗಂಜಲ ನೆಲಕ್ಕೆ ಗೊಬ್ಬರ. ಅದಕ್ಕೆ ಪ್ರತಿಯಾಗಿ ನಮ್ಮಪ್ಪ ಅವನಿಗೆ ಜೋಳ ಅಳೆದು ಕೊಡುತ್ತಿದ್ದ. ಆ ಮಂದೆಯ ಜೊತೆ ಬಂದಿತ್ತು ಕೆಂಚ.

ಕೆಂಚನನ್ನು ನೋಡಿದರೆ ಅಂಥ ಚೆಂದವೇನೂ ಇರಲಿಲ್ಲ. ಒಣಹುಲ್ಲಿನ ಬಣ್ಣ, ಹರಿದ ಒಂದು ಕಿವಿ, ಹಿಂದಕ್ಕೆ ಒಳಸೇರಿದ ಹೊಟ್ಟೆ, ಬಿಲ್ಲಿನಂಥ ಬೆನ್ನು. ಆದರೆ ಅದು ಓಡುವುದನ್ನು ನೋಡಬೇಕಿತ್ತು. ಇನ್ನೂರು ಕುರಿ ಬೆಟ್ಟದ ಕಡೆ ಹರಡಿಕೊಂಡು ಹೊರಟರೆ ಅದು ಸುತ್ತ ಒಂದು ಗೆರೆ ಎಳೆದಂತೆ ಓಡುತ್ತಿತ್ತು. ಬೊಗಳುವುದಿಲ್ಲ, ಕಚ್ಚುವುದಿಲ್ಲ. ಗೆರೆ ದಾಟಿದ ಕುರಿಯ ಹಿಮ್ಮಡಿಗೆ ಮೂಗು ತಾಗಿಸಿದರೆ ಸಾಕು, ಕುರಿ ತಿರುಗಿ ಮಂದೆಗೆ ಸೇರಬೇಕು. ಬೆಳಗಿನಿಂದ ಸಂಜೆಯವರೆಗೆ ಅದು ಎಷ್ಟು ಹರದಾರಿ ಓಡುತ್ತಿತ್ತೋ, ಓಡಿ ಬಂದು ಒಂದು ಬೊಗಸೆ ರಾಗಿ ಅಂಬಲಿ ಕುಡಿದು ಮಂದೆಯ ಬಾಯಿಗೆ ಅಡ್ಡವಾಗಿ ಮಲಗಿತೆಂದರೆ ಅದರ ಮುಖದಲ್ಲಿ, ಹೇಗೆ ಹೇಳಲಿ, ದಿನದ ಗೇಯ್ಮೆ ಮುಗಿಸಿದ ಗಂಡಸಿನ ಮುಖದಲ್ಲಿ ಇರುತ್ತದಲ್ಲ, ಆ ನೆಮ್ಮದಿ. ಗುಡಿಸಲುಗಳ ಮಕ್ಕಳು ನಾವು ಏಳೆಂಟು ಜನ ಹಳ್ಳದ ಕಡೆ ಹೋದರೆ ನಮ್ಮನ್ನೂ ಸುತ್ತುವರಿದು ತಂದು ಗುಡಿಸಲ ಮುಂದೆ ನಿಲ್ಲಿಸುತ್ತಿತ್ತು. ಅವ್ವ ನಗುತ್ತ, "ನೋಡ್ರೇ, ನಿಮ್ಮನ್ನೂ ಕುರಿ ಅಂದ್ಕಂಡೈತೆ. ತಪ್ಪೇನಿಲ್ಲ ಬಿಡು" ಅನ್ನುತ್ತಿದ್ದಳು. ನಾನು ಅದರ ಕೊರಳು ತಬ್ಬಿಕೊಳ್ಳುತ್ತಿದ್ದೆ. ಅದು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ನನ್ನ ಭುಜದ ಮೇಲಿನಿಂದ ಕುರಿಗಳ ಕಡೆ ನೋಡುತ್ತಿತ್ತು. ನಾನು ಅದರ ಕೊರಳು ನೋಡಿದೆ, ಕಣ್ಣು ನೋಡಲಿಲ್ಲ.

ಪ್ಲೇಗು ಇಳಿದು ಊರಿಗೆ ಮರಳುವ ದಿನ ಬಂತು. ನಾನು ಹಟ ಹಿಡಿದೆ. ಕೆಂಚ ಬೇಕು. ಎರಡು ದಿನ ಉಣ್ಣಲಿಲ್ಲ. ದೊಡ್ಡಪ್ಪನಿಗೂ ಮನಸ್ಸಾಗಿತ್ತು. ತೋಳ ಓಡಿಸುವ ನಾಯಿ ಹತ್ತಿ ಮಂಡಿಯ ಬಾಗಿಲಲ್ಲಿದ್ದರೆ ಪೇಟೆಯಲ್ಲಿ ಹೆಸರು. ಕರಿಯಜ್ಜ ಮೊದಲು ಒಪ್ಪಲೇ ಇಲ್ಲ.

"ಸಾವ್ಕಾರ್ರೆ, ಇದು ಮನೆ ನಾಯಲ್ಲ ಕಣ್ರಿ. ಇದಕ್ಕೆ ಹೊಟ್ಟೆ ಹಸಿವಿಗಿಂತ ಕಾಲಿನ ಹಸಿವು ದೊಡ್ಡದು. ನೀವು ಹಾಲು ಅನ್ನ ಹಾಕ್ತೀರಿ, ಕಾಲಿಗೇನು ಹಾಕ್ತೀರಿ?"

ದೊಡ್ಡಪ್ಪ ನಕ್ಕ. "ನಮ್ಮ ಹಿತ್ತಲು ನಿನ್ನ ಹಟ್ಟಿಗಿಂತ ದೊಡ್ಡದೈತೆ ಹೋಗಲೇ."

ಕೊನೆಗೆ ನನ್ನ ಅಳು ನೋಡಲಾರದೆ ಕರಿಯಜ್ಜ ಸೋತ. ಆದರೆ ಅವರಲ್ಲಿ ನಾಯಿಯನ್ನು ಸುಮ್ಮನೆ ಕೊಡುವ ಪದ್ಧತಿಯಿಲ್ಲ. ಹಗ್ಗ ಹಾಕಿ ಕೊಡಬಾರದು, ಮಾರಲೂ ಬಾರದು. ನೆಲದ ಮೇಲೆ ಕಂಬಳಿ ಹಾಸಿದ. ಅದರ ಮೇಲೆ ನಮ್ಮಪ್ಪನನ್ನು ಕೂರಿಸಿ, ಅಂಗೈಗೆ ಒಂದು ಹಿಡಿ ಉಣ್ಣೆ ಕೊಟ್ಟು, ಎರಡು ಮಾತು ಹೇಳಿಸಿಕೊಂಡ. ಒಂದು, ಇದನ್ನು ಕಟ್ಟಿಹಾಕುವುದಿಲ್ಲ. ಇನ್ನೊಂದು, ಇದು ತನ್ನ ಕಾಲಮೇಲೆ ತಾನು ಹಿಂದಕ್ಕೆ ನಡೆದು ಬಂದರೆ ಮತ್ತೆ ಕೇಳಲು ಬರುವುದಿಲ್ಲ. ಕಂಬಳಿ ಮೇಲೆ ಕೂತು ಆಡಿದ ಮಾತು ಅವರಿಗೆ ಗುಡಿಯಲ್ಲಿ ಆಡಿದ ಮಾತಿಗಿಂತ ಹೆಚ್ಚು. ಅಪ್ಪ ಆಡಿದ. ನಾನು ಪಕ್ಕದಲ್ಲೇ ಇದ್ದೆ. ಕಿವಿಯಾರೆ ಕೇಳಿದ್ದೇನೆ. ಆಮೇಲೆ ಯಾರೂ "ಹಾಗೆಲ್ಲಿ ಹೇಳಿದ್ದೆವು" ಅನ್ನುವಂತಿಲ್ಲ.

ಪೇಟೆಗೆ ಬಂದ ಮೊದಲ ದಿನ ಅವ್ವ ಕೆಂಚನಿಗೆ ಸೀಗೆಕಾಯಿ ಹಾಕಿ ಮೈ ತೊಳೆದಳು, ಅದರ ಮೈಯ ಮಂದೆಯ ವಾಸನೆಯೆಲ್ಲ ಹೋಗುವಂತೆ. ನಾನು ಹಣೆಗೆ ವಿಭೂತಿ ಹಚ್ಚಿದೆ. ಹಿತ್ತಾಳೆ ತಟ್ಟೆಯಲ್ಲಿ ಹಾಲು ಅನ್ನ. ನಮ್ಮ ಪ್ರೀತಿಯಲ್ಲಿ ಏನೂ ಕೊರತೆಯಿರಲಿಲ್ಲ, ಇಷ್ಟನ್ನು ನಮ್ಮ ಪರವಾಗಿ ಹೇಳುತ್ತೇನೆ. ಆದರೆ ಮೀನಿಗೆ ಪಲ್ಲಕ್ಕಿ ಮಾಡಿಸಿದಂಥ ಪ್ರೀತಿ. ಕೆಂಚ ಅನ್ನ ಮೂಸಿ ಎದ್ದಿತು. ಬೆಳಗಿನಿಂದ ಹಿತ್ತಿಲ ಗೋಡೆಯುದ್ದಕ್ಕೂ ಓಡಿತು, ತಿರುಗಿತು, ಓಡಿತು. ಎಮ್ಮೆಗಳೆರಡನ್ನೂ ಮೂಲೆಗೆ ಒತ್ತಿ ನಿಲ್ಲಿಸಿತು. ಎಮ್ಮೆ ಹಾಲು ಇಳಿಸಲಿಲ್ಲ. ಹತ್ತಿ ಮಾರಲು ಬಂದ ರೈತರನ್ನು ಒಬ್ಬೊಬ್ಬರಾಗಿ ಹೊರಗೆ ಬಿಡಲೊಲ್ಲದು. ಎಲ್ಲರೂ ಒಟ್ಟಿಗೆ ಬಂದರು, ಒಟ್ಟಿಗೇ ಹೋಗಬೇಕು ಅನ್ನುವುದು ಅದರ ಲೆಕ್ಕ. ಒಂದು ಸೋಮವಾರ ಮಠದ ಅಯ್ಯನವರು ನಾಲ್ಕು ಜನ ಪೂಜೆಗೆ ಬಂದಿದ್ದರು. ಪ್ರಸಾದವಾದ ಮೇಲೆ ಹಿರಿಯ ಅಯ್ಯನವರು ಕೈತೊಳೆಯಲು ಹಿತ್ತಿಲಿಗೆ ಹೊರಟರು. ಕೆಂಚ ಸದ್ದಿಲ್ಲದೆ ಬಂದು ಅವರ ಹಿಮ್ಮಡಿಗೆ ಮೂಗು ತಾಗಿಸಿತು. ಅಯ್ಯನವರು ಹೌಹಾರಿ ಹಿಂದಕ್ಕೆ ಬಂದರು. ಮತ್ತೆ ಹೊರಟರು, ಮತ್ತೆ ಮೂಗು. ಮೂರನೆಯ ಸಲ ಅವರು ಬಂದು ಉಳಿದ ಮೂವರ ನಡುವೆ ತುರುಕಿಕೊಂಡು ಕೂತು, "ಏನಪ್ಪ, ನಿಮ್ಮನೇಲಿ ಉಂಡೋರಿಗೆ ಬಿಡುಗಡೆ ಇಲ್ಲವೋ?" ಅಂದರು. ಅವರು ನಗುತ್ತಲೇ ಹೇಳಿದ್ದು. ದೊಡ್ಡಪ್ಪನ ಮುಖ ಮಾತ್ರ ಕಪ್ಪಿಟ್ಟಿತು.

ಅದರ ಮರುದಿನ ಕೆಂಚ ಕಾಣಲಿಲ್ಲ. ಅಪ್ಪ ಹುಡುಕಿಕೊಂಡು ಮದಕರಿಪುರಕ್ಕೆ ಹೋದ. ಮಂದೆ ಆಗಲೇ ಬೇರೆ ಸೀಮೆಗೆ ಹೊರಟುಹೋಗಿತ್ತು. ಬರೀ ಹೊಲ. ಕುರಿ ನಿಂತಿದ್ದ ಜಾಗದಲ್ಲಿ ಹಿಕ್ಕೆ ಒಣಗಿ ಕಪ್ಪಗೆ ಹಾಸಿತ್ತಂತೆ. ಅದರ ಸುತ್ತ ಕೆಂಚ ಓಡುತ್ತಿತ್ತಂತೆ. ಇಲ್ಲದ ಮಂದೆಯ ಸುತ್ತ ಗೆರೆ ಎಳೆಯುತ್ತಿತ್ತಂತೆ. ಅಪ್ಪ ಮನೆಗೆ ಬಂದು ಇದನ್ನು ಹೇಳುವಾಗ ಗಾಳಿಯಲ್ಲಿ ಬೆರಳಿನಿಂದ ಆ ಗೆರೆ ಎಳೆದು ತೋರಿಸಿದ. ಅವನಿಗೆ ಎಲ್ಲ ಅರ್ಥವಾಗಿತ್ತು, ಅದೇ ನನ್ನ ಸಿಟ್ಟು. ಅರ್ಥವಾಗದವರನ್ನು ಕ್ಷಮಿಸಬಹುದು. ಅರ್ಥವಾಗಿಯೂ ನಾಯಿಯನ್ನು ಹೊತ್ತುಕೊಂಡು ಬಂದು ಅಣ್ಣನ ಮುಂದೆ ಇಳಿಸಿದವನನ್ನು ಏನು ಮಾಡೋಣ?

"ಓಡಿಹೋಗೋ ಜಾತಿ ಇದು. ಸರಪಳಿ ಹಾಕು" ಅಂದ ದೊಡ್ಡಪ್ಪ.

"ಅಣ್ಣ, ಕಂಬಳಿ ಮೇಲೆ ಕೂತು ಮಾತು ಕೊಟ್ಟೀನಿ..."

"ಕುರಿಯೋನ ಕಂಬಳಿಗೆ ಹೆದರಿ ವ್ಯಾಪಾರ ಮಾಡೋಕಾಗ್ತದಾ? ಹಾಕಲೇ."

ಅಪ್ಪ ಹಾಕಿದ. ಎತ್ತಿನ ಗಾಡಿಯ ಕಬ್ಬಿಣದ ಸರಪಳಿ. ಹಿತ್ತಿಲ ನುಗ್ಗೆಮರಕ್ಕೆ ಬಿಗಿದರು. ಅದು ಓಡಿಹೋಗಿರಲಿಲ್ಲ ದೊಡ್ಡಪ್ಪ, ಕೆಲಸಕ್ಕೆ ಹೋಗಿತ್ತು! ಈ ಮಾತು ನನಗೆ ಆಗ ಹೊಳೆಯಲಿಲ್ಲ, ಹೊಳೆಯುವ ಹೊತ್ತಿಗೆ ಹೇಳಿಸಿಕೊಳ್ಳುವವನು ಇರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಒಂಬತ್ತು ತಿಂಗಳು. ಮುಂಗಾರು ಬಂದು ಹೋಯಿತು, ನುಗ್ಗೆ ಹೂಬಿಟ್ಟು ಕಾಯಾಯಿತು. ಸರಪಳಿಯ ಉದ್ದಕ್ಕೆ ಸರಿಯಾಗಿ ನೆಲದ ಮೇಲೆ ಒಂದು ಗುಂಡನೆಯ ದಾರಿ ಬಿತ್ತು. ಮೊದಲು ಹುಲ್ಲು ಹೋಯಿತು, ಆಮೇಲೆ ಮಣ್ಣು ಹೋಯಿತು, ಕೊನೆಗೆ ಅದು ಸಣ್ಣ ಕಾಲುವೆಯಂತೆ ಆಳವಾಯಿತು. ಮಳೆ ಬಂದರೆ ಅದರಲ್ಲಿ ನೀರು ನಿಲ್ಲುತ್ತಿತ್ತು. ಕೆಂಚ ನೀರಿನಲ್ಲೇ ಸುತ್ತುತ್ತಿತ್ತು. ಒಂದು ಕಡೆಯ ಕಾಲುಗುರುಗಳು ಸವೆದು ಹೋದವು. ಸುತ್ತುವುದು ನಿಂತರೆ ತನ್ನ ಬಾಲವನ್ನೇ ಕಡಿದುಕೊಳ್ಳುತ್ತಿತ್ತು. ಬೊಗಳದ ನಾಯಿ ಬೊಗಳಲು ಕಲಿಯಿತು. ಗಾಳಿಗೆ ಬೊಗಳಿತು, ಗುಬ್ಬಿಗೆ ಬೊಗಳಿತು, ದೇವರ ಗಂಟೆಗೆ ಬೊಗಳಿತು. "ಹೊಟ್ಟೆ ತುಂಬ ತಿಂದು ಸೊಕ್ಕೈತೆ ಇದಕ್ಕೆ" ಅನ್ನುತ್ತಿದ್ದರು ಬಂದವರು. ಸೊಕ್ಕು! ಆ ಮಾತು ನೆನೆದರೆ ಈಗಲೂ ಅಂಗೈ ಉರಿಯುತ್ತದೆ. ಎತ್ತನ್ನು ನೊಗದಿಂದ ಬಿಚ್ಚಿ ವರ್ಷಗಟ್ಟಲೆ ಗೂಟಕ್ಕೆ ಕಟ್ಟಿದರೆ ಕಾಲು ಹಿಡಿಯುತ್ತದೆ ಅಂತ ಇದೇ ಜನಕ್ಕೆ ಗೊತ್ತಿತ್ತು. ಎತ್ತಿಗೆ ಇಟ್ಟ ಬುದ್ಧಿಯನ್ನು ನಾಯಿಗೆ ಇಡಲಿಲ್ಲ. ಎತ್ತು ದುಡಿಯುವ ಪ್ರಾಣಿ, ನಾಯಿ ಬಿದ್ದಿರುವ ಪ್ರಾಣಿ ಅಂದುಕೊಂಡರು. ಎಲ್ಲ ನಾಯಿಯೂ ಒಂದೇ ಅಲ್ಲ. ಬೀದಿಯ ತಿಪ್ಪೆಯಲ್ಲಿ ಹುಟ್ಟಿದ ನಾಯಿಗೆ ನಿಮ್ಮ ಹೊಸಿಲು ಸ್ವರ್ಗ. ಹತ್ತು ತಲೆಮಾರು ಕುರಿ ತಿರುಗಿಸಿದ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಅದೇ ಹೊಸಿಲು ಗೋರಿ.

ಬೀದಿಯ ಮಕ್ಕಳಿಗೆ ಆ ಗುಂಡು ದಾರಿ ಆಟವಾಯಿತು. ಗೆರೆಯೊಳಗೆ ಹಾರುವುದು, ಕೆಂಚ ಬರುವಷ್ಟರಲ್ಲಿ ಹೊರಗೆ ಹಾರುವುದು. ಸರಪಳಿ ಬಿಗಿದು ಅದು ಹಿಂದಕ್ಕೆ ಬಿದ್ದರೆ ಕೇಕೆ. ದೊಡ್ಡವರು ಮೆಟ್ಟಿಲ ಮೇಲೆ ಕೂತು ನೋಡಿ ನಗುತ್ತಿದ್ದರು. ನನ್ನ ತಮ್ಮ ಶಿವಣ್ಣನಿಗೆ ಮೂರು ವರ್ಷ. ಅವನೂ ಗೆರೆಯ ಹೊರಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದ. ನಾನು ಆಟಕ್ಕೆ ಹೋಗುತ್ತಿರಲಿಲ್ಲ. ನಿಲ್ಲಿಸಲೂ ಇಲ್ಲ.

ದೀಪಾವಳಿ ಕಳೆದು ಸುಗ್ಗಿಯ ಹೊತ್ತಿಗೆ ಕರಿಯಜ್ಜನ ಮಂದೆ ಮತ್ತೆ ಈ ಕಡೆ ಬಂತು. ಅವನು ಒಂದು ಬೆಳಿಗ್ಗೆ ಕುರಿಹಾಲಿನ ಗಿಣ್ಣದ ಗಡಿಗೆ ಹಿಡಿದು ನಾಯಿಯನ್ನು ನೋಡಲು ಮನೆಗೇ ಬಂದ. ಹಿತ್ತಿಲಿಗೆ ಹೋದ. ಬಗ್ಗಿ ಆ ಗುಂಡು ಕಾಲುವೆಯಲ್ಲಿ ಕೈಯಿಟ್ಟು ಆಳ ನೋಡಿದ. ಕೆಂಚ ಅವನನ್ನು ಕಂಡು ಕುಣಿಯಲಿಲ್ಲ, ಅವನ ಕಂಬಳಿಯೊಳಗೆ ತಲೆ ತುರುಕಿ ನಿಂತುಬಿಟ್ಟಿತು. ಕರಿಯಜ್ಜ ಪಡಸಾಲೆಗೆ ಬಂದು, ಕೆಳಗೆ ಕೂತು, ಕೈಮುಗಿದ.

"ತಪ್ಪಾತು ಸಾವ್ಕಾರ್ರೆ, ನಂದೇ ತಪ್ಪು. ಕೊಡಬಾರದಿತ್ತು. ವಾಪಸ್ ಕೊಟ್ಬಿಡ್ರಿ. ಬದಲಿಗೆ ಒಂದು ಒಳ್ಳೇ ಮರಿ ಕುರಿ ತಂದು ಕೊಡ್ತೀನಿ."

"ಕೊಟ್ಟು ಕಿತ್ಕಳ್ಳೋಕೆ ಬಂದೀಯೇನಲೇ?" ದೊಡ್ಡಪ್ಪನಿಗೆ ಪೇಟೆಯ ನಾಲ್ಕು ಜನ ಕೂತಿರುವಾಗ ಈ ಮಾತು ಬಂದದ್ದು ಅವಮಾನ. "ನಮ್ಮನೇಲಿ ನಾಯಿಗೆ ಏನು ಕಮ್ಮಿಯಾಗೈತೆ? ಬೆಳ್ಳನೆ ಅನ್ನ ನಿನ್ನ ಹೆಂಡ್ರು ಮಕ್ಕಳೂ ಕಂಡಿಲ್ಲ."

ಕರಿಯಜ್ಜ ಅಪ್ಪನ ಕಡೆ ನೋಡಿದ. ಅಪ್ಪ ತಲೆ ತಗ್ಗಿಸಿದ. ಆಮೇಲೆ ಕರಿಯಜ್ಜ ಕಂಬದ ಹಿಂದೆ ಇದ್ದ ನನ್ನನ್ನು ಕರೆದ. ಆ ದನಿ ಎಷ್ಟು ಮೆತ್ತಗಿತ್ತು ಅಂದರೆ ಇವತ್ತೂ ನನ್ನ ಕಿವಿಯಲ್ಲಿ ಮುಳ್ಳಿನ ಹಾಗೆ ಮುರಿದಿದೆ.

"ಗೌರವ್ವ, ನಿನ್ನ ಸಲುವಾಗಿ ಕೊಟ್ಟಿದ್ದೆ ನಮ್ಮವ್ವ. ನೀನು ಹೂಂ ಅಂದ್ರೆ ಇವರೂ ಅಂತಾರೆ. ಹೇಳು ತಾಯಿ, ಕರ್ಕಂಡು ಹೋಗ್ಲಾ?"

ದೊಡ್ಡಪ್ಪ ನಕ್ಕು, "ಹೇಳಲೇ ಗೌರಿ, ನಿನ್ನ ಮಾತೇ ಮಾತು" ಅಂದ. ಆ ಮನೆಯಲ್ಲಿ ಹೆಣ್ಣುಮಗುವಿನ ಮಾತಿಗೆ ಬೆಲೆ ಬಂದದ್ದು ಅದೊಂದೇ ಸಲ. ಒಂದೇ ಸಲ! ನಾನು ಏನಂದೆ ಗೊತ್ತೇ? "ಕೊಡಲ್ಲ, ಅದು ನಂದು" ಅಂದೆ. ಕಾಲು ನೆಲಕ್ಕೆ ಅಪ್ಪಳಿಸಿ ಅಂದೆ. ದೊಡ್ಡಪ್ಪ ತೊಡೆ ತಟ್ಟಿ ನಕ್ಕ, ಕೂತಿದ್ದವರೂ ನಕ್ಕರು. ಕರಿಯಜ್ಜ ಗಿಣ್ಣದ ಗಡಿಗೆಯನ್ನು ಅಲ್ಲೇ ಬಿಟ್ಟು ಎದ್ದು ಹೋದ. ಗಿಣ್ಣ ತಿಂದೆ ನಾನು. ರುಚಿಯಾಗಿತ್ತು.

ಇಷ್ಟು ಹೊತ್ತು ದೊಡ್ಡಪ್ಪನನ್ನು, ಅಪ್ಪನನ್ನು ಬೈದೆ. ಬೈಯುವುದು ಸುಲಭ, ಸತ್ತವರು ತಿರುಗಿ ಬೈಯುವುದಿಲ್ಲ. ನನ್ನದೂ ಬರೆದಿದ್ದೇನೆ, ನೀವೇ ತೂಗಿ ನೋಡಿ.

ಅದಾದ ಹದಿನೈದು ಇಪ್ಪತ್ತು ದಿನಕ್ಕೆ ಶಿವಣ್ಣ ಗೆರೆಯೊಳಗೆ ಹಾರಿದ. ದೊಡ್ಡ ಹುಡುಗರಂತೆ ಹಾರಿದ, ಅವರಂತೆ ಹೊರಗೆ ಹಾರಲು ಅವನಿಗೆ ಕಾಲು ಸಾಲಲಿಲ್ಲ. ಕೆಂಚ ಅವನ ಮೀನಖಂಡಕ್ಕೆ ಬಾಯಿ ಹಾಕಿತು. ಮೂಗು ತಾಗಿಸಿದ್ದಲ್ಲ, ತಿರುಗಿಸಲು ಹಿಡಿದದ್ದಲ್ಲ. ಕಚ್ಚಿತು, ಹರಿಯುವಂತೆ ಕಚ್ಚಿತು. ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲ, ಅದಕ್ಕೆ ಪಾಪ ಏನೂ ಗೊತ್ತಿರಲಿಲ್ಲ ಅಂತ ಹೇಳಿ ನಿಮ್ಮನ್ನು ಅಳಿಸುವುದಿಲ್ಲ. ಇನ್ನೂರು ಕುರಿಯಲ್ಲಿ ಒಂದಕ್ಕೂ ಹಲ್ಲು ತಾಗಿಸದ ಬಾಯಿ ಅದು. ಅದಕ್ಕೆ ಕಚ್ಚಲು ಕಲಿಸಿದ್ದು ನಾವು. ಒಂಬತ್ತು ತಿಂಗಳು, ದಿನಕ್ಕಿಷ್ಟು ಅಂತ, ಅನ್ನ ಹಾಲಿನ ಜೊತೆ.

ಅವ್ವ ಮಗುವನ್ನು ಎತ್ತಿಕೊಂಡು ಒಳಗೆ ಓಡಿದಳು. ಅರಿಶಿನ, ಹಸಿಸೊಪ್ಪು, ಅರಚಾಟ. ದೊಡ್ಡಪ್ಪ ಬೀದಿಯಿಂದ ಇಬ್ಬರನ್ನು ಕರೆದ. ಅವರ ಕೈಯಲ್ಲಿ ಬಡಿಗೆಯಿತ್ತು. ನನ್ನನ್ನು ಅರಳೆ ಕೋಣೆಗೆ ತಳ್ಳಿ ಹೊರಗಿನಿಂದ ಅಗುಳಿ ಹಾಕಿದರು. ಹತ್ತಿ ಮೂಟೆ ಸದ್ದನ್ನು ಹೀರುತ್ತದೆ ಅಂತಾರೆ. ಪೂರ್ತಿ ಹೀರುವುದಿಲ್ಲ. ಕೊನೆಯವರೆಗೆ ಕೇಳಿಸಿದ್ದು ಬೊಗಳಿದ್ದಲ್ಲ, ಸರಪಳಿ. ಅದು ಒಂದೇ ಕಡೆಗೆ ಸುತ್ತುತ್ತಿತ್ತು. ಬಡಿಯುವವರ ಮೈಮೇಲೆ ಏರಿ ಹೋಗುವುದು ಬಿಟ್ಟು, ತನ್ನ ದಾರಿಯನ್ನೇ ಸುತ್ತುತ್ತಿತ್ತು. ಆಮೇಲೆ ಅದೂ ನಿಂತಿತು.

ಶಿವಣ್ಣ ಬದುಕಿದ, ಹುಚ್ಚೂ ಹಿಡಿಯಲಿಲ್ಲ. ಅವನ ಮೀನಖಂಡದಲ್ಲಿ ಕೊನೆಯವರೆಗೂ ನಾಲ್ಕು ಹಲ್ಲಿನ ಗುರುತು ಇತ್ತು. ಅವನು ಅದನ್ನು ತೋರಿಸಿ, "ಅಕ್ಕ, ಇದು ನಿನ್ನ ನಾಯಿ ಹಾಕಿದ ರುಜು" ಅಂತ ನಗುತ್ತಿದ್ದ. ಅವನೂ ಹೋದ ಈಗ. ಅಪ್ಪ ಆ ವರ್ಷದ ನಂತರ ಮದಕರಿಪುರದ ಹೊಲದಲ್ಲಿ ಎಂದೂ ಮಂದೆ ತರುಬಿಸಲಿಲ್ಲ. ಗೊಬ್ಬರವಿಲ್ಲದೆ ಆ ಹೊಲ ಬಡವಾಯಿತು. ದೊಡ್ಡಪ್ಪ ಹಾಸಿಗೆ ಹಿಡಿದ ಕೊನೆಯ ವರ್ಷ, ಹೊರಗೆ ನಡೆದಾಡಲಾಗದೆ ಕೋಣೆಯೊಳಗೆ ಗೋಡೆ ಹಿಡಿದು ಈ ಮೂಲೆಯಿಂದ ಆ ಮೂಲೆಗೆ ಹೋಗಿ ಬರುತ್ತಿದ್ದ. ಒಂದು ದಿನ ನಾನು ನೀರು ಕೊಡಲು ಹೋದಾಗ ನಿಂತು ನನ್ನ ಮುಖ ನೋಡಿದ. ಏನೋ ಹೇಳುವವನಿದ್ದ. ನಾನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ, ಚೊಂಬು ಇಟ್ಟು ಬಂದುಬಿಟ್ಟೆ. ಆ ಸಿಟ್ಟಿನ ಮೇಲೂ ಈಗ ಸಿಟ್ಟು ಬರುತ್ತದೆ. ಮಾಳಿಗೆ ಕುಸಿದು, ಕಂಬಗಳನ್ನು ಯಾರೋ ಒಯ್ದು, ಮನೆಯಿದ್ದಲ್ಲಿ ಈಗ ಬಯಲು. ಅಲ್ಲಿಗೆ ಹೋದರೆ ಯಾವುದು ಪಡಸಾಲೆ, ಯಾವುದು ಹಿತ್ತಿಲು ಅಂತ ನನಗೇ ತಿಳಿಯುವುದಿಲ್ಲ. ನಿಮಗೂ ಅಂಥ ಒಂದು ಬಯಲು ಎಲ್ಲಾದರೂ ಇದ್ದರೆ, ಅದರ ನಡುವೆ ನಿಂತು ಯಾರಿಗೆ ಬೈಯಬೇಕೋ ತಿಳಿಯದೆ ಮರಳಿ ಬಂದಿದ್ದರೆ, ನಾನು ಹೇಳುವುದು ನಿಮಗೆ ಗೊತ್ತು.

ಹೋದ ವರ್ಷ ಮಗ ಎಲ್ಲಿಂದಲೋ ಕುರಿನಾಯಿಯ ಮರಿ ತಂದಾಗ ನಾನು ಬೇಡವೆಂದೆ. "ಅವ್ವ, ನಿಂದು ಬರೀ ಹಳೇ ಕಾಲದ ಹೆದರಿಕೆ" ಅಂದ. ಗಿರಿಜೆ ಅದಕ್ಕೆ ಟೈಗರ್ ಅಂತ ಹೆಸರಿಟ್ಟು, ದಿನಾ ಬೆಳಿಗ್ಗೆ ಅದರ ಜೊತೆ ವೇದಾವತಿಯ ದಂಡೆಯವರೆಗೆ ಓಡಿದಳು. ಮಗು ಪಾಪ ಎಷ್ಟು ಓಡೀತು? ಮರಿ ದೊಡ್ಡದಾಯಿತು, ಶಾಲೆಯ ಹೊತ್ತಿನಲ್ಲಿ ಬಾಗಿಲ ಚೌಕಟ್ಟು ಕಡಿಯಿತು, ಹಗ್ಗ ಕಡಿಯಿತು. ಮೊನ್ನೆ ಮಗ ಪೇಟೆಯಿಂದ ಕಬ್ಬಿಣದ ಸರಪಳಿ ತಂದ. ಅದು ಮೇಜಿನ ಮೇಲೆ ಬಿದ್ದ ಸದ್ದಿಗೆ ನಾನು ಎದ್ದು ನಿಂತೆ. ಏನು ಬೈದೆನೋ, ನಲವತ್ತು ವರ್ಷದ ಮಗ ಬೆಪ್ಪಾಗಿ ನೋಡಿದ. ಗಿರಿಜೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಿಮಗೆ ಹೇಳಿದ್ದೆಲ್ಲವನ್ನೂ ಅವಳಿಗೆ ಹೇಳಿದೆ, ಗಿಣ್ಣ ತಿಂದದ್ದನ್ನೂ ಬಿಡದೆ. ಬಡಿಗೆಯದನ್ನು ಮಾತ್ರ ಬಿಟ್ಟೆ. ಅವಳೇ ಕೇಳಿದಳು, "ಕೊಂದ್ರಾ ಅಜ್ಜಿ?" ಹೂಂ ಅಂದೆ. ಅವಳು ಎದ್ದು ಹೋಗಿ ಟೈಗರ್ ಪಕ್ಕ ಕೂತಳು. ಮಗ ತಾನೇ ಹೋಗಿ, ಬಂದು ನಾಯಿಯನ್ನು ನೋಡು ಅಂತ ಚಿತ್ತಯ್ಯನಿಗೆ ಹೇಳಿ ಬಂದ.

ಇವತ್ತು ಚಿತ್ತಯ್ಯ ಟೈಗರ್ ಕಾಲು ಮುಟ್ಟಿ, ಎದೆ ತಟ್ಟಿ, "ಒಳ್ಳೇ ಆಳು ಐತೆ ಕಣವ್ವ. ಆದ್ರೆ ಮಗು ಮನಸ್ಸು ಮುರಿದು ಒಯ್ಯಲ್ಲ" ಅಂದು ಗಿರಿಜೆಯನ್ನೇ ನೋಡಿದ. ಅವಳು ಪಟ್ಟಿ ಬಿಚ್ಚಿದಳು, "ಕರ್ಕಂಡು ಹೋಗ್ರಿ" ಅಂದಳು. ಆಮೇಲೆ ಒಂದು ಮಾತು ಸೇರಿಸಿದಳು, "ಕಟ್ಟಾಕಬ್ಯಾಡ್ರಿ." ಚಿತ್ತಯ್ಯ ನಕ್ಕ. "ಕಟ್ಟಿದ್ರೆ ಕುರಿ ನಾನು ಕಾಯಬೇಕಲ್ಲವ್ವ!" ಟೈಗರ್ ಅವನ ಹಿಂದೆ ಹೊರಟಿತು. ಬೀದಿಯ ತಿರುವಿನವರೆಗೆ ನಡೆಯಿತು, ಅಲ್ಲಿಂದ ಓಡಿತು. ತಿರುಗಿ ನೋಡಲಿಲ್ಲ. ಗಿರಿಜೆ ಅತ್ತದ್ದು ಅದಕ್ಕೇ. ಮಧ್ಯಾಹ್ನ ಉಣ್ಣಲಿಲ್ಲ, ಶಾಲೆಗೂ ಹೋಗಲಿಲ್ಲ. ನನ್ನ ಹಿಗ್ಗು ನೋಡಿ ಅವಳಿಗೆ ನನ್ನ ಮೇಲೆ ಕೋಪವೇ ಬಂದಿತ್ತು. "ನಿಂಗೇನು ಅಜ್ಜಿ, ನೀ ಬೆಲ್ಲ ಹಂಚು" ಅಂದು ಮುಖ ತಿರುಗಿಸಿದಳು. ನಾನು ಹಂಚುವುದು ನಿಲ್ಲಿಸಲಿಲ್ಲ. ಅವಳಿಗೆ ಈ ನೋವು ಒಂದು ವಾರ, ಬಹಳವಾದರೆ ಒಂದು ತಿಂಗಳು. ನನ್ನಷ್ಟು ವಯಸ್ಸಾಗುವವರೆಗೆ ಹೊರುವಂಥದ್ದಲ್ಲ.

ಸಂಜೆ ಸೊಸೆ ಮುದ್ದೆ ತಿರುವಿ, ಅವರೆಕಾಳಿನ ಸಾರು ಮಾಡಿದಳು. ನಮ್ಮಲ್ಲಿ ಗಂಡಸರ ಊಟವಾದ ಮೇಲೆ ಹೆಂಗಸರದು. ಇವತ್ತು ನಾನೇ ಎಲ್ಲರ ತಟ್ಟೆಯನ್ನೂ ಒಂದೇ ಸಾಲಿಗೆ ಹಾಕಿಸಿದೆ. ಮಗ, ಸೊಸೆ, ಗಿರಿಜೆಯ ಇಬ್ಬರು ಅಣ್ಣಂದಿರು ಕೂತರು. ಗಿರಿಜೆ ಬರಲಿಲ್ಲ. ಯಾರೂ ಕೈ ಹಾಕಲಿಲ್ಲ. ಸಾರು ಆರುತ್ತ ಬಂತು. ಮಗ ಒಮ್ಮೆ ಬಾಯಿ ತೆರೆದ, ನಾನು ಕಣ್ಣಿನಲ್ಲೇ ತಡೆದೆ. ಕೊನೆಗೆ ಅವಳು ಬಂದು, ಮುಖ ಊದಿಸಿಕೊಂಡೇ, ನನಗೆ ಒತ್ತಿಕೊಂಡು ಕೂತಳು. ಒಂದು ತುತ್ತು ಮುರಿದಳು, ಸಾರಿನಲ್ಲಿ ಅದ್ದಿದಳು, ನುಂಗಿದಳು. "ಉಪ್ಪು ಕಮ್ಮಿಯಾಗೈತೆ" ಅಂದಳು. ಸೊಸೆ ಉಪ್ಪಿನ ಬಟ್ಟಲು ಸರಿಸಿದಳು. ಆಗ ಎಲ್ಲರೂ ಉಣ್ಣತೊಡಗಿದೆವು.